ಕಾಪುವಿನ ದೀಪ ಯಾರಿಗಾಗಿ?

ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿ ಮುಟ್ಟುವ ಮುನ್ನ ಸಿಗುವ ಊರು ಪುಣಜನೂರು. ಸುತ್ತ ಬಿಳಿಗಿರಿರಂಗನ ಬೆಟ್ಟದ ಕಾಡು, ಸೋಲಿಗರ ಪೋಡುಗಳು. ಇಲ್ಲಿಂದ ನೋಡಿದರೆ ಕೇರಳದ ಕೋಳಿಕ್ಕೋಡಿನ ಕಡಲೇ ಹತ್ತಿರ. ಕರ್ನಾಟಕದ್ದೇ ಆದ ಕಡಲತೀರ ಬೇಕೆಂದರೆ ಮೈಸೂರು ದಾಟಿ, ಘಟ್ಟ ಇಳಿದು, ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಆದರೂ ಡಿಸೆಂಬರ್ ಬಂತೆಂದರೆ ಹಳೆ ಮೈಸೂರು ಸೀಮೆಯ ಶಾಲೆಗಳ ಪ್ರವಾಸದ ಬಸ್ಸುಗಳು ಹೊರಡುವುದು ಆ ದಿಕ್ಕಿಗೇ. ಧರ್ಮಸ್ಥಳದ ದರ್ಶನ, ಉಡುಪಿಯ ಮಠದಲ್ಲಿ ಊಟ, ಮಲ್ಪೆಯ ಮರಳಿನಲ್ಲಿ ಆಟ, ಸಂಜೆಗೆ ಕಾಪುವಿನ ದೀಪಸ್ತಂಭ. ಒಳನಾಡಿನ ಎಷ್ಟೋ ಮಕ್ಕಳು ಮೊಟ್ಟಮೊದಲು ಕಡಲನ್ನು ಎತ್ತರದಿಂದ ನೋಡಿದ್ದು ಇಂಥ ಒಂದು ಬಂಡೆಯ ಮೇಲೆ ನಿಂತು.

ಉಡುಪಿಯಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಸುಮಾರು 13 ಕಿ.ಮೀ. ದೂರದಲ್ಲಿರುವ ಕಾಪು, ಮಾರಿಗುಡಿಗಳಿಗೂ ಸುಗ್ಗಿ ಮಾರಿಪೂಜೆಗೂ ಹೆಸರಾದ ಊರು. ಪೇಟೆಯಿಂದ ಪಶ್ಚಿಮಕ್ಕೆ ತಿರುಗಿದರೆ ತೆಂಗಿನ ತೋಟಗಳ ನಡುವಿನ ದಾರಿ ನೇರವಾಗಿ ಕಡಲಿಗೆ ಹೋಗುತ್ತದೆ. ಅಲ್ಲಿ ಮರಳು ಮುಗಿಯುವಲ್ಲಿ, ಅಲೆಗಳಿಗೆ ಎದೆಯೊಡ್ಡಿದ ಹೆಬ್ಬಂಡೆಯ ಮೇಲೆ, ಕಪ್ಪು ಬಿಳಿ ಪಟ್ಟೆಗಳ ಸುಮಾರು 27 ಮೀಟರ್ ಎತ್ತರದ ಗೋಪುರ ನಿಂತಿದೆ. ಅದನ್ನು ಕಟ್ಟಿದ್ದು 1901ರಲ್ಲಿ. ಸಂಜೆಯ ನಿಗದಿತ ವೇಳೆಯಲ್ಲಿ ಒಳಗೆ ಬಿಡುತ್ತಾರೆ. ಸುರುಳಿ ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಬಂದರೆ ಒಂದು ಕಡೆ ಕೊನೆಯಿಲ್ಲದ ನೀರು, ಇನ್ನೊಂದು ಕಡೆ ಕೊನೆಯಿಲ್ಲದ ತೆಂಗು.

ಈ ನೋಟ ಎಷ್ಟು ಚೆನ್ನಾಗಿದೆಯೆಂದರೆ, ಗೋಪುರವನ್ನು ಇದಕ್ಕೆಂದೇ ಕಟ್ಟಿದ್ದಾರೆ ಎನಿಸಿಬಿಡುತ್ತದೆ. ಆದರೆ ಇದನ್ನು ಕಟ್ಟಿದವರಿಗೆ ಇಲ್ಲಿ ನಿಂತು ಕಡಲು ನೋಡುವವರ ಲೆಕ್ಕವೇ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಕಡಲಿನಿಂದ ಈ ದಡವನ್ನು ನೋಡುವವರು. ಯಾರ ಕಣ್ಣಿಗೆ ಕಾಣಲೆಂದು ಈ ದೀಪ ಹಚ್ಚಿದರು ಎಂದು ಕೇಳಿದರೆ ನಮ್ಮ ಕರಾವಳಿಯ ನೂರೈವತ್ತು ವರ್ಷಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಬಂಡೆಯ ಮೇಲೆಯೇ ಏಕೆ?

ಭೂಮಿ ದುಂಡಗಿರುವುದರಿಂದ ಕಡಲಿನ ಮೇಲೆ ನಮ್ಮ ನೋಟಕ್ಕೆ ಒಂದು ಗಡಿಯಿದೆ. ನೀರಿನಂಚಿನಲ್ಲಿ ನಿಂತ ಮನುಷ್ಯನಿಗೆ ಕಾಣುವ ದಿಗಂತ ಐದು ಕಿಲೋಮೀಟರಿಗಿಂತ ತುಸು ಕಡಿಮೆ ದೂರದ್ದು. ಆತ 40 ಮೀಟರ್ ಎತ್ತರಕ್ಕೆ ಏರಿದರೆ ಆ ದೂರ ಸುಮಾರು 22 ಕಿ.ಮೀ. ಆಗುತ್ತದೆ. ಅತ್ತ ಹಡಗಿನಲ್ಲಿರುವ ನಾವಿಕನೂ ನೀರಿನಿಂದ ಒಂಬತ್ತು ಮೀಟರ್ ಎತ್ತರದ ಅಟ್ಟದ ಮೇಲಿದ್ದರೆ, ಅಂಥ ದೀಪ ಆತನಿಗೆ ಮೂವತ್ತಮೂರು ಕಿಲೋಮೀಟರ್ ದೂರದಿಂದಲೇ ಕಾಣಬಲ್ಲದು. ಗೋಪುರವನ್ನು ಮರಳಿನ ಮೇಲೆ ಕಟ್ಟದೆ ಬಂಡೆಯ ನೆತ್ತಿಯನ್ನೋ ಗುಡ್ಡವನ್ನೋ ಹುಡುಕುವುದು ಈ ಕಾರಣಕ್ಕೆ. ಪ್ರಕೃತಿಯೇ ಕೊಟ್ಟ ಎತ್ತರದ ಮೇಲೆ ನಿಂತರೆ ಕಟ್ಟುವ ಕಲ್ಲು ಕಡಿಮೆ, ಬೆಳಕಿನ ಪಯಣ ಹೆಚ್ಚು.

ಎತ್ತರವಿದ್ದರೆ ಸಾಲದು, ಬೆಳಕನ್ನು ದೂರಕ್ಕೆ ಎಸೆಯಲೂಬೇಕು. ದೀಪದ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತದೆ. ಫ್ರಾನ್ಸಿನ ವಿಜ್ಞಾನಿ ಅಗಸ್ಟಿನ್ ಫ್ರೆನೆಲ್ ಗಾಜಿನ ಅನೇಕ ಪಟ್ಟಕಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಚೆಲ್ಲುವ ಬೆಳಕನ್ನೆಲ್ಲ ಒಂದೇ ಕಿರಣವಾಗಿ ದಿಗಂತಕ್ಕೆ ತಿರುಗಿಸುವ ಮಸೂರವನ್ನು ರೂಪಿಸಿದ. 1823ರಲ್ಲಿ ಫ್ರಾನ್ಸಿನ ಕೊರ್ದುವಾಂ ದೀಪಸ್ತಂಭದಲ್ಲಿ ಅದನ್ನು ಮೊದಲು ಬಳಸಲಾಯಿತು. ಒಂದು ಎಣ್ಣೆ ದೀಪದ ಬೆಳಕು ಹತ್ತಾರು ಕಿಲೋಮೀಟರ್ ಸಾಗಲು ಸಾಧ್ಯವಾದದ್ದು ಈ ಗಾಜಿನ ಚಮತ್ಕಾರದಿಂದ. ಮಸೂರವನ್ನು ತಿರುಗಿಸಿದರೆ ದೂರದವರಿಗೆ ದೀಪ ಮಿಂಚಿ ಮರೆಯಾದಂತೆ ಕಾಣುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿಂಚಬೇಕು ಎಂಬುದನ್ನು ಪ್ರತಿ ದೀಪಸ್ತಂಭಕ್ಕೂ ಬೇರೆಬೇರೆಯಾಗಿ ಗೊತ್ತುಮಾಡಿರುತ್ತಾರೆ. ಅದೇ ಅದರ ಹೆಸರು. ಮಿಂಚನ್ನು ಎಣಿಸಿ, ನಾವಿಕರ ಪಟ್ಟಿಯೊಡನೆ ತಾಳೆ ನೋಡಿದರೆ ಹಡಗು ಯಾವ ಊರಿನ ಎದುರಿದೆ ಎಂದು ತಿಳಿಯುತ್ತದೆ. ಹಗಲಿನಲ್ಲಿ ಆ ಕೆಲಸವನ್ನು ಗೋಪುರಕ್ಕೆ ಬಳಿದ ಬಣ್ಣ ಮಾಡುತ್ತದೆ. ಕಾಪುವಿನ ಕಪ್ಪು ಬಿಳಿ ಪಟ್ಟೆಗಳು ಅಲಂಕಾರಕ್ಕೆಂದು ಬಳಿದವಲ್ಲ.

ಘಟ್ಟವೇ ಗುರುತಾಗಿದ್ದ ಕಾಲ

ಹಾಗಾದರೆ ದೀಪಸ್ತಂಭಗಳಿಲ್ಲದ ಕಾಲದಲ್ಲಿ? ಈ ದಡಕ್ಕೆ ಹಡಗುಗಳು ಎರಡು ಸಾವಿರ ವರ್ಷಗಳಿಂದ ಬರುತ್ತಿವೆ. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕೊ ದೇಶದ ಇಬ್ನ್ ಬತೂತ ಹೊನ್ನಾವರ ಮತ್ತು ಮಂಗಳೂರುಗಳನ್ನು ಕಂಡ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಂಗಳೂರಿನಲ್ಲಿ ಇಳಿದೇ ವಿಜಯನಗರಕ್ಕೆ ಹೋದ. ಇವರ ಹಡಗುಗಳಿಗೆ ದಾರಿ ತೋರಿದ್ದು ನಕ್ಷತ್ರ, ಗಾಳಿಯ ದಿಕ್ಕು, ನೀರಿನ ಬಣ್ಣ. ದಡ ಹತ್ತಿರವಾದ ಮೇಲೆ ಪಶ್ಚಿಮ ಘಟ್ಟ. ಕುದುರೆಮುಖ ಎಂಬ ಹೆಸರನ್ನು ನಾವು ಬೆಟ್ಟ ಹತ್ತುವವರ ಕಣ್ಣಿನಿಂದ ಯೋಚಿಸುತ್ತೇವೆ. ಆದರೆ ಸುಮಾರು 1,890 ಮೀಟರ್ ಎತ್ತರದ ಆ ಶಿಖರ ಹಡಗಿನವರಿಗೂ ಚಿರಪರಿಚಿತವಾದ ಗುರುತಾಗಿತ್ತು. ಆಕಾಶ ತಿಳಿಯಾಗಿದ್ದ ದಿನ ಕಡಲಿನಿಂದ ಅದು ಸ್ಪಷ್ಟವಾಗಿ ಕಾಣುತ್ತದೆ.

ದಡದ ಮೊಗವೀರರಿಗೂ ಖಾರ್ವಿಗಳಿಗೂ ಇದೇ ವಿದ್ಯೆ. ಇಂಥ ಗುಡ್ಡದ ತುದಿ ಇಂಥ ತೆಂಗಿನ ತೋಪಿನ ಮೇಲೆ ಬಂದರೆ ಬಲೆ ಬೀಸುವ ಜಾಗ. ಇಂಥ ಗುಡಿ ಇಂಥ ಬಂಡೆಯ ಹಿಂದೆ ಮರೆಯಾದರೆ ಅಳಿವೆಯ ಬಾಯಿ. ಮಳೆಗಾಲದಲ್ಲಿ ಈ ಗುರುತುಗಳೆಲ್ಲ ಮೋಡದಲ್ಲಿ ಮುಚ್ಚಿಹೋಗುತ್ತಿದ್ದವು, ಕಡಲೂ ಮುಚ್ಚುತ್ತಿತ್ತು. ಮಳೆ ತಗ್ಗಿ, ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ ಹಾಲು ತೆಂಗಿನಕಾಯಿ ಅರ್ಪಿಸಿದ ಮೇಲೆ ದೋಣಿ ನೀರಿಗಿಳಿಯಬೇಕು. ಕಡಲು ಬಿಡುವು ಕೊಟ್ಟಾಗ ಮಾತ್ರ ಹೋಗುವವರಿಗೆ ರಾತ್ರಿಯ ದೀಪದ ಅಗತ್ಯ ಅಷ್ಟಾಗಿ ಇರಲಿಲ್ಲ. ಅಗತ್ಯ ಬಿದ್ದುದು, ಕಾಲ ಕಾಯಲೊಲ್ಲದ ವ್ಯಾಪಾರಕ್ಕೆ.

ಹತ್ತಿಗಾಗಿ ಹೊತ್ತಿದ ದೀಪ

ಕಾಪುವಿಗಿಂತ ಹಿರಿಯ ದೀಪವೊಂದು ಕಾರವಾರದ ಎದುರು, ಇಂಗ್ಲಿಷರು ಆಯ್ಸ್ಟರ್ ರಾಕ್ ಎಂದು ಕರೆದ ದೇವಗಡ ದ್ವೀಪದಲ್ಲಿದೆ. ಅದು ಹೊತ್ತಿದ್ದು 1864ರಲ್ಲಿ. ಆ ವರ್ಷವನ್ನು ಸ್ವಲ್ಪ ಗಮನಿಸಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿನ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಬಿದ್ದು ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಗಿರಣಿ ಮಾಲೀಕರ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಕಪ್ಪು ನೆಲದ ಮೇಲೆ.

ಧಾರವಾಡದ ಹತ್ತಿ ಅದಕ್ಕೂ ಮೊದಲಿನಿಂದ ಕುಮಟಾ ಬಂದರಿನ ಮೂಲಕ ಹೋಗುತ್ತಿತ್ತು. ಎಷ್ಟೆಂದರೆ, ಹತ್ತಿ ಪೇಟೆಯಲ್ಲಿ ಆ ಬಗೆಯ ಹತ್ತಿಗೆ ಬೆಳೆದ ಊರಿನ ಹೆಸರು ಸಿಗದೆ ಹಡಗು ಹತ್ತಿಸಿದ ಊರಿನ ಹೆಸರೇ ನಿಂತು, ಅದು 'ಕುಮಟಾ ಹತ್ತಿ' ಆಯಿತು. ಆದರೆ ಕುಮಟಾದ ದಡ ಗಾಳಿಗೆ ತೆರೆದುಕೊಂಡದ್ದು. ದೊಡ್ಡ ಹಡಗುಗಳಿಗೆ ಗುಡ್ಡ, ದ್ವೀಪಗಳ ಮರೆಯಿರುವ ಕಾರವಾರದ ಕೊಲ್ಲಿಯೇ ಯೋಗ್ಯವೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯ ತಂದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ್ ಆಧಿಪತ್ಯದಿಂದ ಬೇರ್ಪಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು. ಕಾರವಾರ ಬಂದರನ್ನು ಬೆಳೆಸಬೇಕೆಂಬುದು ಅದರ ಹಿಂದಿನ ದೊಡ್ಡ ಕಾರಣ. ಎರಡು ವರ್ಷಕ್ಕೆ ದ್ವೀಪದ ಮೇಲೆ ದೀಪ ಬಂತು.

ಅಂದರೆ ಕನ್ನಡ ಮಾತಾಡುವ ಎರಡು ಜಿಲ್ಲೆಗಳು ಎರಡು ಬೇರೆ ಆಧಿಪತ್ಯಗಳಲ್ಲಿ ಹಂಚಿಹೋದದ್ದಕ್ಕೂ, ಆ ದ್ವೀಪದಲ್ಲಿ ದೀಪ ಹೊತ್ತಿದ್ದಕ್ಕೂ ಇದ್ದ ಮೂಲ ಒಂದೇ, ಹತ್ತಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಬೇರೆಬೇರೆ ರಾಜ್ಯಗಳಲ್ಲೇ ಉಳಿದವು.

ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ದಾರಿಯಾಗಿ ಗೋವೆಯ ಮುರ್ಮಗೋವಾ ಬಂದರಿಗೆ ರೈಲು ಹೋಗತೊಡಗಿದ ಮೇಲೆ ಹುಬ್ಬಳ್ಳಿ, ಧಾರವಾಡದ ಸರಕು ಅತ್ತ ತಿರುಗಿತು. ಕಾರವಾರದವರು ರೈಲಿನ ಮುಖ ನೋಡಲು ಕೊಂಕಣ ರೈಲ್ವೆ ಬರುವವರೆಗೆ, ಸರಿಸುಮಾರು ಇನ್ನೂ ನೂರು ವರ್ಷ ಕಾಯಬೇಕಾಯಿತು. ಯಾವ ಹಡಗುಗಳಿಗಾಗಿ ಹಚ್ಚಿದರೋ ಅವು ಕಡಿಮೆಯಾದವು, ದೀಪ ಮಾತ್ರ ಉಳಿಯಿತು.

ಬಾವುಟಗುಡ್ಡೆಯಿಂದ ಕಾಪುವಿಗೆ

ದಕ್ಷಿಣದಲ್ಲಿ ಮಂಗಳೂರಿನ ಕಥೆ ಬೇರೆ. ಇಲ್ಲಿನ ಹಳೆಯ ದೀಪಸ್ತಂಭ ಪೇಟೆಯ ನಡುವೆ ಬಾವುಟಗುಡ್ಡೆಯ ಮೇಲಿದೆ. 1837ರ ರೈತ ದಂಗೆಯಲ್ಲಿ ಸುಳ್ಯದ ಕಡೆಯಿಂದ ಬಂದ ಹೋರಾಟಗಾರರು ಕಂಪನಿಯವರನ್ನು ಓಡಿಸಿ ಸುಮಾರು ಎರಡು ವಾರ ಮಂಗಳೂರನ್ನು ಹಿಡಿದಿದ್ದು, ಬಾವುಟ ಹಾರಿಸಿದ ಗುಡ್ಡ ಇದೇ. ಆ ದಂಗೆಯ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಅಲ್ಲಿ ನಿಲ್ಲಿಸಲಾಗಿದೆ. ದೀಪಸ್ತಂಭ ಈಗ ಉದ್ಯಾನದ ಪಕ್ಕದ ಸ್ಮಾರಕ ಮಾತ್ರ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಂಗಳೂರಿನಿಂದ ಹೋಗುತ್ತಿದ್ದ ಮುಖ್ಯ ಸರಕುಗಳೆಂದರೆ ಕಾಫಿ ಮತ್ತು ಹೆಂಚು. ಕೊಡಗು, ಚಿಕ್ಕಮಗಳೂರುಗಳ ಕಾಫಿ ಘಟ್ಟ ಇಳಿದು ಇಲ್ಲಿನ ಕಾಫಿ ಕಾರ್ಖಾನೆಗಳಲ್ಲಿ ಹಸನಾಗಿ ಹಡಗು ಹತ್ತುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ದೂರದೂರದ ಬಂದರುಗಳಿಗೂ ಹೋಯಿತು. ಆದರೆ ನೇತ್ರಾವತಿ, ಗುರುಪುರ ನದಿಗಳು ಕೂಡುವ ಅಳಿವೆಯಲ್ಲಿ ಮರಳು ತುಂಬುವುದರಿಂದ ದೊಡ್ಡ ಹಡಗು ಬಂದರಿನ ಒಳಕ್ಕೆ ಬರುವಂತಿರಲಿಲ್ಲ. ಅವು ಹೊರಗೆ ಕಡಲಿನಲ್ಲೇ ಲಂಗರು ಹಾಕಬೇಕು, ಮಂಜಿ ಮತ್ತು ಸಣ್ಣ ದೋಣಿಗಳು ಸರಕನ್ನು ಹೊತ್ತೊಯ್ಯಬೇಕು.

ಮುಂಬಯಿಯಿಂದ ದಡ ಹಿಡಿದು ಬರುವ ಹಡಗಿಗೆ ಮಂಗಳೂರು ಮುಟ್ಟುವ ಮೊದಲು ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಗಳೂ ನೀರಿನಲ್ಲಿ ಅರೆ ಮುಳುಗಿದ ಬಂಡೆಗಳೂ ಎದುರಾಗುತ್ತವೆ. ದ್ವೀಪದ ಕಂಬಗಲ್ಲುಗಳನ್ನು ನೋಡಿ ಇಂದು ನಾವು ಬೆರಗಾಗುತ್ತೇವೆ, ಕತ್ತಲಲ್ಲಿ ಬರುವ ಹಡಗಿಗೆ ಅವು ಯಮಪಾಶ. ಮಂಗಳೂರಿಗೂ ಮಲ್ಪೆಗೂ ನಡುವೆ, ದಡದಲ್ಲೇ ಎತ್ತರದ ಬಂಡೆಯಿದ್ದ ಕಾಪುವಿನಲ್ಲಿ 1901ರಲ್ಲಿ ಗೋಪುರ ಎದ್ದಿತು.

ಸ್ವಾತಂತ್ರ್ಯಾನಂತರವೂ ದೀಪ ವ್ಯಾಪಾರದ ದಾರಿಯನ್ನೇ ಹಿಡಿದು ನಡೆಯಿತು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಸಿದ್ಧವಾಗುತ್ತಿದ್ದಾಗ, 1972ರಲ್ಲಿ, ಸುರತ್ಕಲ್ಲಿನ ಗುಡ್ಡದ ಮೇಲೆ ಹೊಸ ದೀಪಸ್ತಂಭ ಬಂತು. ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು.

ಬೆಳಕಿಗೂ ಒಂದು ಸುಂಕ

ದೀಪ ಉರಿಯಲು ಹಣ ಬೇಕು. 1927ರ ಭಾರತೀಯ ದೀಪಸ್ತಂಭ ಕಾಯ್ದೆ ಅದಕ್ಕೊಂದು ವ್ಯವಸ್ಥೆ ಮಾಡಿತು. ಬಂದರಿಗೆ ಬರುವ, ಬಿಟ್ಟು ಹೋಗುವ ಹಡಗುಗಳಿಂದ ದೀಪದ ಸುಂಕ ವಸೂಲಿ ಮಾಡಿ, ಆ ಹಣದಲ್ಲೇ ದೀಪಗಳನ್ನು ನಡೆಸುವುದು. ಹಾಗಾಗಿ ದೀಪ ಎಲ್ಲಿ ಬೇಕು ಎಂಬುದನ್ನು ತೀರ್ಮಾನಿಸುವಾಗ ಸರಕು ಹಡಗಿನ ದಾರಿಗೇ ತೂಕ ಹೆಚ್ಚು.

ಆದರೂ ಬೆಳಕಿಗೆ ಭೇದವಿಲ್ಲ. ಸುಂಕ ಕಟ್ಟಿದ ಹಡಗಿಗೆ ಕಂಡ ದೀಪ ಮೀನು ಹಿಡಿದು ಮರಳುವ ದೋಣಿಗೂ ಕಂಡಿತು. ಘಟ್ಟದ ಗುರುತು ಕತ್ತಲಲ್ಲಿ ಅಳಿಸಿಹೋದರೂ ಮಿಂಚುವ ದೀಪವೊಂದು ಊರಿನ ದಿಕ್ಕು ಹೇಳುತ್ತಿತ್ತು. ಅದರ ಹಿಂದೆ ಮನುಷ್ಯರ ದುಡಿಮೆಯೂ ಇತ್ತು. ಹಳೆಯ ಕಾಲದ ದೀಪಸ್ತಂಭಗಳಲ್ಲಿ ತೂಗುಕಲ್ಲಿನ ಭಾರದಿಂದ ತಿರುಗುವ ಗಡಿಯಾರದಂಥ ಯಂತ್ರವೇ ಮಸೂರವನ್ನು ತಿರುಗಿಸುತ್ತಿದ್ದುದು. ಅದಕ್ಕೆ ರಾತ್ರಿಯಿಡೀ ಎದ್ದೆದ್ದು ಕೀಲಿ ಕೊಡಬೇಕು, ಎಣ್ಣೆ ನೋಡಬೇಕು. ಉಪ್ಪುಗಾಳಿಗೆ ಮಬ್ಬಾದ ಗಾಜನ್ನು ಹಗಲು ಹೊತ್ತು ಒರೆಸಬೇಕು. ವಿದ್ಯುತ್ತು ಬಂದ ಮೇಲೆ ಈ ಕೆಲಸಗಳು ಒಂದೊಂದಾಗಿ ಇಲ್ಲವಾದವು.

ಕಡಲು ನೋಡುವ ಹವ್ಯಾಸ

ಕಡಲನ್ನು ಸುಮ್ಮನೆ ನೋಡಲೆಂದೇ ಹೋಗುವುದು ನಮ್ಮಲ್ಲಿ ಹೊಸ ಅಭ್ಯಾಸ. ದಡದವರು ಕಡಲಿಗೆ ಹೋಗುತ್ತಿದ್ದುದು ದುಡಿಮೆಗೆ. ಉಳಿದವರು ಅಮಾವಾಸ್ಯೆಯ ಸ್ನಾನಕ್ಕೆ, ಅಸ್ಥಿ ಬಿಡಲಿಕ್ಕೆ. ಕಡಲನ್ನು ಸೌಂದರ್ಯವೆಂದು ನೋಡಿದ ಮೊದಮೊದಲ ಹೆಸರಾಂತ ಅತಿಥಿಗಳಲ್ಲಿ ರವೀಂದ್ರನಾಥ ಠಾಕೂರರೊಬ್ಬರು. ಅವರ ಅಣ್ಣ ಸತ್ಯೇಂದ್ರನಾಥರು 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಲ್ಲಿಗೆ ಬಂದಿದ್ದ ಇಪ್ಪತ್ತೆರಡರ ಹರೆಯದ ರವೀಂದ್ರರು 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದದ್ದು ಆ ಕಡಲತೀರದಲ್ಲಿ. ಹತ್ತಿಯ ಹಡಗುಗಳಿಗೆಂದು ಸಿದ್ಧವಾದ ಕೊಲ್ಲಿ ಒಬ್ಬ ಕವಿಗೆ ಒದಗಿದ್ದು ಹೀಗೆ.

ಈಗ ಸರ್ಕಾರವೇ ದೀಪಸ್ತಂಭಗಳನ್ನು ನೋಡುವ ಸ್ಥಳವೆಂದು ಒಪ್ಪಿಕೊಂಡಿದೆ. ಉಪಗ್ರಹ ಆಧಾರಿತ ಉಪಕರಣಗಳು ಬಂದ ಮೇಲೆ ದೊಡ್ಡ ಹಡಗುಗಳಿಗೆ ಗೋಪುರದ ಮೇಲಿನ ಅವಲಂಬನೆ ತಗ್ಗಿತು. ಹಳೆಯ ಕಾಯ್ದೆಯ ಜಾಗದಲ್ಲಿ 2021ರಲ್ಲಿ ಬಂದ ಹೊಸ ಕಾಯ್ದೆ, ಆಯ್ದ ದೀಪಸ್ತಂಭಗಳನ್ನು ಪಾರಂಪರಿಕವೆಂದು ಗುರುತಿಸಿ ಶಿಕ್ಷಣ, ಸಂಸ್ಕೃತಿ, ಪ್ರವಾಸೋದ್ಯಮಗಳಿಗೆ ಬಳಸಲು ಅವಕಾಶ ಕೊಟ್ಟಿದೆ. 2024ರ ಫೆಬ್ರವರಿಯಲ್ಲಿ ದೇಶದ 75 ದೀಪಸ್ತಂಭಗಳ ಪ್ರವಾಸಿ ಸೌಲಭ್ಯಗಳನ್ನು ಉದ್ಘಾಟಿಸಲಾಯಿತು.

ಇನ್ನೊಂದು ಬದಲಾವಣೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ. 2008ರ ನವೆಂಬರಿನಲ್ಲಿ ಮುಂಬಯಿ ಮೇಲೆ ದಾಳಿ ಮಾಡಿದವರು ಬಂದದ್ದು ಅಪಹರಿಸಿದ ಮೀನುಗಾರಿಕೆ ದೋಣಿಯೊಂದರಲ್ಲಿ. ಆ ಬಳಿಕ ಕರಾವಳಿಯ ಉದ್ದಕ್ಕೂ ಹಲವು ದೀಪಸ್ತಂಭಗಳ ಮೇಲೆ ರೇಡಾರ್, ಕ್ಯಾಮೆರಾಗಳು ಏರಿದವು. ಕಡಲಿನವರಿಗೆ ಕಾಣಲೆಂದು ಕಟ್ಟಿದ ಗೋಪುರಗಳು ಈಗ ಕಡಲಿನವರನ್ನು ಕಾಯುವ ಕಣ್ಣುಗಳೂ ಆಗಿವೆ.

ದೀಪ ಕಾಣದ ದೂರದಲ್ಲಿ

ಹಾಗಾದರೆ ಎಲ್ಲ ಸರಿಯಾಯಿತೇ? ಹಡಗುಗಳಿಗೆ ಉಪಗ್ರಹ, ಪ್ರವಾಸಿಗರಿಗೆ ನೋಟ, ಕಾವಲಿಗೆ ರೇಡಾರ್. ಈ ಲೆಕ್ಕದಲ್ಲಿ ಸಣ್ಣ ದೋಣಿಯ ಪಾಲೆಷ್ಟು ಎಂದು ಕೇಳಬೇಕಾಗಿದೆ.

ರಂಪಣಿ ಬಲೆಯ ಕಾಲದಲ್ಲಿ ಮೀನುಗಾರಿಕೆ ದಡದ ಅಂಚಿನಲ್ಲೇ ನಡೆಯುತ್ತಿತ್ತು. ದಡದಿಂದ ದೋಣಿಯಲ್ಲಿ ಬಲೆ ಬಿಟ್ಟು, ನೂರಾರು ಜನ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. 1970ರ ದಶಕದ ಕೊನೆಗೆ ಯಂತ್ರದೋಣಿಗಳೂ ಪರ್ಸಿನ್ ಬಲೆಗಳೂ ಬಂದು ಆ ಪದ್ಧತಿ ಹಿಂದೆ ಸರಿಯಿತು. ದಡದ ಬಳಿ ಮೀನು ಕಡಿಮೆಯಾದಂತೆ ಮಲ್ಪೆಯ ದೋಣಿಗಳು ಗೋವೆ, ಮಹಾರಾಷ್ಟ್ರದ ಕಡಲಿನವರೆಗೆ ಹೋಗುತ್ತಿವೆ. ಕಾಪುವಿನ ದೀಪಕ್ಕೆ ಭೂಮಿಯ ದುಂಡು ಹಾಕಿದ ಗಡಿ ಮೂವತ್ತು ಕಿಲೋಮೀಟರಿನ ಆಸುಪಾಸು. ಅದರಾಚೆ ಹೋದವರಿಗೆ ಈ ಬೆಳಕಿಲ್ಲ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಎರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದವರು ಏಳು ಮಂದಿ ಮೀನುಗಾರರು. ಮಲ್ಪೆಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದು ಹುಡುಕಾಟ ಚುರುಕುಗೊಳಿಸಲು ಒತ್ತಾಯಿಸಿದರು. ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ದೋಣಿಯ ಅವಶೇಷವನ್ನು ನೌಕಾಪಡೆ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ, ಸುಮಾರು ನಾಲ್ಕೂವರೆ ತಿಂಗಳು, ಏಳು ಮನೆಗಳು ಏನಾಯಿತೆಂದು ತಿಳಿಯದೆ ಕಾದವು.

ಮೀನುಗಾರಿಕೆ ದೋಣಿಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ, ಸ್ವೀಕರಿಸುವ ಉಪಕರಣಗಳನ್ನು ಅಳವಡಿಸುವ ರಾಷ್ಟ್ರೀಯ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ದೊರೆಯಿತು. ಒಂದು ಲಕ್ಷ ದೋಣಿಗಳು ಅದರ ಗುರಿ. ಅಪಾಯದಲ್ಲಿರುವ ದೋಣಿ ದಡಕ್ಕೆ ಸುದ್ದಿ ಮುಟ್ಟಿಸಬಲ್ಲದು ಎಂಬುದು ಇದರ ಸಾರ. ಸರಕು ಹಡಗಿಗೆ 1864ರಲ್ಲಿ ದೀಪ ಸಿಕ್ಕಿತು. ಮೀನುಗಾರನಿಗೆಂದೇ ರೂಪಿಸಿದ ಈ 'ದೀಪ' ಬರಲು ಇನ್ನೂ ನೂರಅರವತ್ತು ವರ್ಷ ಹಿಡಿಯಿತು. ಪ್ರವಾಸಿ ಸೌಲಭ್ಯಕ್ಕೆ ತೋರುವಷ್ಟೇ ಉತ್ಸಾಹವನ್ನು ಇದರ ಜಾರಿಗೂ ತೋರಬೇಕೆಂದು ದಡದವರು ಬಯಸಿದರೆ ತಪ್ಪೇನಿಲ್ಲ.

ಒಂದು ದಿನದ ಪ್ರವಾಸಕ್ಕೆ

ಕಾಪು ನೋಡಲು ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ದಿನಗಳು ಹಿತ. ಮಂಗಳೂರಿನಲ್ಲಿ ಉಳಿದುಕೊಂಡವರು ಬೆಳಿಗ್ಗೆ ಬಾವುಟಗುಡ್ಡೆಯನ್ನೂ ಪಕ್ಕದ ಸೇಂಟ್ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಚಿತ್ರಗಳನ್ನೂ ನೋಡಿ, ಸುರತ್ಕಲ್ ಹಾದು, ಸಂಜೆಗೆ ಕಾಪು ತಲುಪಬಹುದು. ಒಂದೇ ದಿನದಲ್ಲಿ ಮೂರು ಕಾಲದ ಮೂರು ದೀಪಸ್ತಂಭಗಳು ಸಿಕ್ಕುತ್ತವೆ. ಮಳೆಗಾಲದಲ್ಲಿ ಬಂಡೆಯ ಅಂಚಿಗೆ ಹೋಗಬಾರದು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ, ಅಲೆಯ ಎತ್ತರವನ್ನು ನಂಬುವಂತಿಲ್ಲ. ಬೇರೆ ದಿನಗಳಲ್ಲೂ ಮಕ್ಕಳನ್ನು ಕರೆದೊಯ್ದ ಮೇಷ್ಟ್ರುಗಳು ಕಾವಲಿನವರ ಮಾತು ಕೇಳುವುದು ಒಳ್ಳೆಯದು.

ಬಹುತೇಕ ಬಸ್ಸುಗಳು ಸೂರ್ಯ ಮುಳುಗಿದೊಡನೆ ಹೊರಟುಬಿಡುತ್ತವೆ. ಸಾಧ್ಯವಾದರೆ ಇನ್ನರ್ಧ ಗಂಟೆ ನಿಲ್ಲಬೇಕು. ಗೋಪುರದಿಂದ ಇಳಿದು ಮರಳಿನ ಮೇಲೆ ಕುಳಿತರೆ, ಕತ್ತಲಾಗುತ್ತಿದ್ದಂತೆ ಮೇಲೆ ದೀಪ ಹೊತ್ತಿಕೊಳ್ಳುತ್ತದೆ. ದೂರದಲ್ಲಿ ದೋಣಿಗಳ ದೀಪಗಳೂ ಒಂದೊಂದಾಗಿ ಕಾಣತೊಡಗುತ್ತವೆ. ಮಿಂಚಿಗೂ ಮಿಂಚಿಗೂ ನಡುವೆ ಎಷ್ಟು ಸೆಕೆಂಡು ಎಂದು ಮಕ್ಕಳಿಗೆ ಎಣಿಸಲು ಹೇಳಿ. ಕಡಲಿನಲ್ಲಿರುವವರು ಅದೇ ಹೊತ್ತಿಗೆ ಅದನ್ನೇ ಎಣಿಸುತ್ತಿರಬಹುದು.